ಗುರುಸಿದ್ದಮ್ಮನ ಕಮಾನು

ಹೊನ್ನೇಕೊಪ್ಪಲಿನ ಮಹಿಳಾ ಡೈರಿಯಲ್ಲಿ ಬೆಳಕು ಹರಿಯುವುದೇ ಗುರುಸಿದ್ದಮ್ಮನ ಬೈಗುಳದಿಂದ. ಅಲ್ಲಿ ಹಾಲು ಪರೀಕ್ಷೆ ಮಾಡುವವಳು ಅವಳು. ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತರೆ, ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟು, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ, ಆಮೇಲೆ ನಿಧಾನವಾಗಿ ತಲೆಯೆತ್ತಿ ಹಾಲು ತಂದವಳ ಮುಖ ನೋಡುತ್ತಾಳೆ. ಆ ನೋಟ ತಾಳಲಾರದೆ ನೀರು ಬೆರೆಸುವುದನ್ನು ಬಿಟ್ಟವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಿಡದವಳು ಒಬ್ಬಳೇ, ಗಾರೆ ಕೆಲಸದ ಸಣ್ಣಯ್ಯನ ಹೆಂಡತಿ ಮಾದಮ್ಮ. ಅವಳ ಸರದಿ ಬಂದಾಗಲೆಲ್ಲ ಗುರುಸಿದ್ದಮ್ಮನ ಬಾಯಿಂದ ಒಂದೇ ಮಾತು ಬರುತ್ತಿತ್ತು.

"ಎಮ್ಮೇಗೆ ನೀರು ಕುಡ್ಸು ಕಣವ್ವ, ಆಲಿಗೆ ಕುಡುಸ್ಬ್ಯಾಡ."

ಮಾದಮ್ಮ ನಗುತ್ತಿದ್ದಳು. ಗುರುಸಿದ್ದಮ್ಮ ನಗುತ್ತಿರಲಿಲ್ಲ. ಐವತ್ತು ದಾಟಿದ ಈ ಹೆಂಗಸಿನ ಲೆಕ್ಕದಲ್ಲಿ ಪ್ರಪಂಚದ ಮುಕ್ಕಾಲು ಪಾಲು ನೀರು ಬೆರೆಸಿದ್ದೇ. ಹಾಲಿಗೆ ಬೆರೆಸುವವರು ಬಡವರು, ಮಾತಿಗೆ ಬೆರೆಸುವವರು ದೊಡ್ಡವರು, ಅಷ್ಟೇ ವ್ಯತ್ಯಾಸ. ಮಾತಿಗೆ ಬೆರೆಸುವವರನ್ನು ಅಳೆಯಲು ಡೈರಿಯವರು ಯಾಕೆ ಒಂದು ಕಡ್ಡಿ ಕೊಡುವುದಿಲ್ಲ ಎಂದು ಅವಳು ಆಗಾಗ ಕೇಳುವುದುಂಟು. ತನ್ನ ಬಾಯಿಗೆ ಆ ಕಡ್ಡಿ ಹಿಡಿದರೆ ಏನಾದೀತೆಂದು ಅವಳು ಯೋಚಿಸಿರಲಿಲ್ಲ. ಆ ಯೋಚನೆ ಅವಳಿಗೆ ಬಂದದ್ದು ತಡವಾಗಿ, ಅದೂ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ.

ಅವಳ ಗಂಡ ಮರಿಸಿದ್ದಪ್ಪ ಬೇರೆಯೇ ಮಣ್ಣಿನಲ್ಲಿ ಮಾಡಿದ ಮನುಷ್ಯ. ದಾರಿಯಲ್ಲಿ ಎದುರಿಗೆ ಎಮ್ಮೆ ಬಂದರೂ ಪಕ್ಕಕ್ಕೆ ಸರಿದು ನಿಂತು, ಅದು ಹೋದ ಮೇಲೆ ತಾನು ಹೋಗುತ್ತಿದ್ದವನು. ಮದುವೆ ಊಟದಲ್ಲಿ ಕೊನೆಯ ಪಂಕ್ತಿಗೆ ಕೂರುತ್ತಿದ್ದ. ಬಸ್ಸಿನಲ್ಲಿ ಸೀಟಿದ್ದರೂ ಯಾರಾದರೂ ಬಂದಾರೆಂದು ನಿಂತೇ ಇರುತ್ತಿದ್ದ. ಗುರುಸಿದ್ದಮ್ಮ ಇದಕ್ಕೆಲ್ಲ ಅವನನ್ನು ಬೈದದ್ದು ಒಂದೆರಡು ಸಲವಲ್ಲ. ಅವನು ಎದೆನೋವೆಂದು ಮಲಗಿ, ಆಟೋ ಹುಡುಕಿ ತರುವಷ್ಟರಲ್ಲಿ ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟ. ಹೋಗುವಾಗಲೂ ಪಕ್ಕಕ್ಕೆ ಸರಿದೇ ಹೋದ ಎಂದು ಅವಳು ಹೇಳಿಕೊಂಡು ಅತ್ತಳು.

ತಿಥಿ ಮುಗಿದ ವಾರಕ್ಕೆ ಮರಿಸಿದ್ದಪ್ಪನ ತಮ್ಮ ಅಶೋಕ ಬಂದು ಜಗುಲಿಯ ಮೇಲೆ ಕೂತ. ಮನೆಯ ಹಿಂದಿನ ಅಣ್ಣನ ಪಾಲಿನ ಜಮೀನನ್ನು ತಾನು ನೋಡಿಕೊಳ್ಳುವುದಾಗಿಯೂ, ಅತ್ತಿಗೆಗೆ ಯಾವ ಚಿಂತೆಯೂ ಬೇಡವೆಂದೂ ಹೇಳಿದ. ಅಶೋಕ ನೋಡಿಕೊಳ್ಳುತ್ತೇನೆ ಎಂದ ವಸ್ತು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಗುರುಸಿದ್ದಮ್ಮನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಊರಿಗೆ ಸಮುದಾಯ ಆರೋಗ್ಯ ಕೇಂದ್ರ ಮಂಜೂರಾಗಿದೆ, ಜಾಗ ಕೊಡುವವರಿಲ್ಲ ಎಂಬ ಸುದ್ದಿ ಬಂತು. ಅವಳು ಮರುದಿನವೇ ಹೋಗಿ, ತುಳಸಿ ನೀರು ಬಿಟ್ಟು, ಆ ಜಮೀನನ್ನು ಆಸ್ಪತ್ರೆಗೆ ಕೊಟ್ಟುಬಿಟ್ಟಳು.

ಇದಕ್ಕೆ ಊರವರು ಮಹಾದಾನ ಎಂದು ಹೆಸರಿಟ್ಟರು. ಮೈದುನನ ಮುಖ ಸಣ್ಣದಾಗುವುದನ್ನು ನೋಡುವ ಆಸೆಯೇ ಅರ್ಧ ಕಾರಣವೆಂದು ಅವಳಿಗೆ ತಿಳಿದಿತ್ತು. ಇನ್ನರ್ಧ ಮರಿಸಿದ್ದಪ್ಪನ ನೆನಪು. ಆದರೂ ಶಾಲು ಹೊದಿಸಿದಾಗ ಹೊದ್ದುಕೊಂಡಳು, ಹಾರ ಹಾಕಿದಾಗ ಕತ್ತು ಬಗ್ಗಿಸಿದಳು. ಹೊಗಳಿಕೆ ಯಾರಿಗೆ ಬೇಡ?

ಆಮೇಲೆ ಶುರುವಾಯಿತು ಗುದ್ದಲಿ ಪೂಜೆಯ ಪರ್ವ.

ನಮ್ಮ ಕಡೆ ಕಟ್ಟಡ ಕಟ್ಟುವುದು ಬೇರೆ, ಗುದ್ದಲಿ ಪೂಜೆ ಮಾಡುವುದು ಬೇರೆ. ಎರಡಕ್ಕೂ ಸಂಬಂಧವಿದೆ ಎಂದು ತಿಳಿದವನು ಪೆದ್ದ. ಮೊದಲ ಪೂಜೆಗೆ ಆಗಿನ ನಾಯಕರು ಬಂದರು. ಅವರ ಕೈ ನೋಯಬಾರದೆಂದು ಹಿಂದಿನ ದಿನವೇ ಮಣ್ಣು ಅಗೆದು, ಕಲ್ಲು ಆರಿಸಿ, ರಾಗಿ ಹಿಟ್ಟಿನ ಹಾಗೆ ಜರಡಿ ಹಿಡಿದು ಗುಡ್ಡೆ ಹಾಕಿದ್ದರು. ಗುದ್ದಲಿಗೆ ರಿಬ್ಬನ್ನು, ಹಿಡಿಗೆ ಅರಿಶಿನ ಕುಂಕುಮ. ನಾಯಕರು ಮಣ್ಣನ್ನು ಮೂರು ಸಲ ಮುಟ್ಟಿ, ಮೂರು ಸಲವೂ ಫೋಟೋದ ಕಡೆ ನೋಡಿ, ಕೋಸಂಬರಿ ತಿಂದು ಹೋದರು. ಸರ್ಕಾರ ಬದಲಾಯಿತು. ಹಿಂದಿನ ಪೂಜೆ ಸರಿಯಾದ ದಿಕ್ಕಿನಲ್ಲಿ ಆಗಿಲ್ಲವೆಂದು ಹೊಸ ನಾಯಕರಿಗೆ ಯಾರೋ ಹೇಳಿದರು. ಅದೇ ಮಣ್ಣು, ಅದೇ ಜರಡಿ, ಅದೇ ಗುದ್ದಲಿ. ರಿಬ್ಬನ್ನಿನ ಬಣ್ಣ ಮಾತ್ರ ಬೇರೆ. ಗುರುಸಿದ್ದಮ್ಮ ಎರಡು ಪೂಜೆಗೂ ತನ್ನ ಮನೆಯ ಹಾಲಿನಲ್ಲಿ ಪಾಯಸ ಮಾಡಿ ಕಳಿಸಿದಳು. ಎರಡನೆಯ ಸಲ ಸಕ್ಕರೆ ಕಡಿಮೆ ಹಾಕಿದ್ದಳು.

ಎರಡನೆಯ ಪೂಜೆಗೆ ಮುಂಚೆ ಇನ್ನೊಂದು ಘನಕಾರ್ಯವಾಯಿತು. ನಾಯಕರು ಬರಿಯ ಬಯಲಿಗೆ ಹೇಗೆ ಬರುತ್ತಾರೆ, ಒಳಗೆ ಬಂದಂತೆ ಕಾಣಲು ಒಂದು ಬಾಗಿಲಾದರೂ ಬೇಡವೇ ಎಂದು ಆಸ್ಪತ್ರೆ ಸಮಿತಿಗೆ ಹೊಳೆಯಿತು. ಸಮಿತಿಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ಅಶೋಕನೇ. ಜಮೀನು ಕೈತಪ್ಪಿದ ಮೇಲೆ ಅದರ ಮೇಲೆ ಕುರ್ಚಿಯನ್ನಾದರೂ ಹಾಕಿಕೊಳ್ಳೋಣ ಎಂದು ಅವನು ಅಧ್ಯಕ್ಷನಾಗಿದ್ದ. ಚನ್ನರಾಯಪಟ್ಟಣದಲ್ಲಿ ಕಬ್ಬಿಣ ಸಿಮೆಂಟಿನ ಅಂಗಡಿ ಇಟ್ಟಿದ್ದ ಅಜಿತ್‌ಕುಮಾರ್ ಎಂಬ ಜೈನರು ತಮ್ಮ ತಾಯಿ ಅನಂತಮ್ಮನವರ ನೆನಪಿಗೆ ಸಾಮಾನು ಕೊಟ್ಟರು. ಹೀಗೆ ಆಸ್ಪತ್ರೆಗೆ ಒಂದು ಇಟ್ಟಿಗೆ ಬೀಳುವ ಮೊದಲೇ, ಊರ ರಸ್ತೆಯಿಂದ ಆ ಜಾಗಕ್ಕೆ ಹೋಗುವ ಓಣಿಗೆ ಅಡ್ಡವಾಗಿ ಒಂದು ಭಾರಿ ಕಮಾನು ಎದ್ದು ನಿಂತಿತು. ನೆತ್ತಿಯ ಮೇಲೆ 'ಸಮುದಾಯ ಆರೋಗ್ಯ ಕೇಂದ್ರ' ಎಂಬ ಆಳೆತ್ತರದ ಅಕ್ಷರ. ಅದರ ಕೆಳಗೆ ಇಬ್ಬರು ನಾಯಕರು, ಅನಂತಮ್ಮನವರು, ಅಧ್ಯಕ್ಷ ಅಶೋಕ. ಜಮೀನು ಕೊಟ್ಟವರ ಹೆಸರನ್ನು ಮರೆತೇಬಿಟ್ಟಿದ್ದರು. ಗುರುಸಿದ್ದಮ್ಮ ಹೋಗಿ ಜಗಳವಾಡಿದ ಮೇಲೆ, ಬಲಗಡೆಯ ಕಂಬದಲ್ಲಿ, ಎಮ್ಮೆ ಮೈ ಉಜ್ಜುವ ಎತ್ತರದಲ್ಲಿ, 'ಭೂದಾನಿ ಕೀರ್ತಿಶೇಷ ಮರಿಸಿದ್ದಪ್ಪನವರು' ಎಂದು ಸಣ್ಣಯ್ಯನ ಕೈಲಿ ಸಿಮೆಂಟಿನ ಅಕ್ಷರ ಎತ್ತಿಸಿ ಬಂಗಾರದ ಬಣ್ಣ ಬಳಿಸಿದರು.

ಆ ದಿನದಿಂದ ಡೈರಿಗೆ ಹೋಗುವಾಗ ಅವಳು ಸುತ್ತು ದಾರಿ ಹಿಡಿದು ಕಮಾನಿನ ಮುಂದೆ ಹಾದುಹೋಗತೊಡಗಿದಳು. ಬದುಕಿದ್ದಾಗ ಎಲ್ಲಿಯೂ ಮುಂದೆ ನಿಲ್ಲದ ಗಂಡ ಈಗ ಊರ ಬಾಯಲ್ಲೇ ನಿಂತಿದ್ದಾನೆ. ಅವಳು ಸೆರಗಿನಿಂದ ಅಕ್ಷರದ ಧೂಳು ಒರೆಸುತ್ತಿದ್ದಳು.

ಕವನಾಳ ಮದುವೆ ಆದದ್ದು ಆ ಹೊತ್ತಿನಲ್ಲೇ. ಕವನಾ ಗುರುಸಿದ್ದಮ್ಮನಿಗೆ ಒಬ್ಬಳೇ ಮಗಳು. ಗಂಡ ಸುದರ್ಶನ್ ಹಾಸನದಲ್ಲಿ ಸ್ಕೂಲು ಮೇಷ್ಟ್ರು. ಅವರ ಮನೆ ಅಲ್ಲಿಯ ದೊಡ್ಡ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಹಿತ್ತಿಲಲ್ಲಿ ನಿಂತರೆ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತದೆ. ಮದುವೆ ಮಾತುಕತೆಯ ದಿನ ಸುದರ್ಶನನ ತಾಯಿ ಕಾಮಾಕ್ಷಮ್ಮ ಇದನ್ನೊಂದು ಅನುಕೂಲವೆಂದು ಸುಮ್ಮನೆ ಹೇಳಿದರು. ಗುರುಸಿದ್ದಮ್ಮ ಅದನ್ನು ಹೆಮ್ಮೆಯ ಮಾತೆಂದು ತೆಗೆದುಕೊಂಡಳು. ಅವರ ಮನೆ ಆಸ್ಪತ್ರೆಯ ಹಿಂದೆ ಇರಬಹುದು, ಆಸ್ಪತ್ರೆಯೇ ತನ್ನ ಮನೆಯ ಹಿಂದೆ ಬರುತ್ತಿದೆ, ಮಗಳ ಚೊಚ್ಚಲ ಹೆರಿಗೆ ತನ್ನ ಜಮೀನಿನ ಮೇಲೆಯೇ ಆಗುತ್ತದೆ ಎಂದು ಬೀಗರ ಎಲೆ ಮುಂದೆ ನಿಂತು ಹೇಳಿದಳು. ಬೀಗರು ಒಳ್ಳೆಯದಾಯಿತು ಎಂದು ಹೋಳಿಗೆ ಮುರಿದರು.

ಇತ್ತ ಕಂಟ್ರಾಕ್ಟರು ಜಲ್ಲಿ ತುಂಬಿದ ಟಿಪ್ಪರ್ ತೆಗೆದುಕೊಂಡು ಬಂದ. ಟಿಪ್ಪರ್ ಕಮಾನಿನ ಕೆಳಗೆ ನುಗ್ಗಲಿಲ್ಲ. ಹಿಂದೆ ಮುಂದೆ ಆಡಿಸಿ ನೋಡಿದರೂ ನುಗ್ಗಲಿಲ್ಲ. ಓಣಿಯ ಒಂದು ಕಡೆ ದೇವಸ್ಥಾನದ ಪೌಳಿ, ಇನ್ನೊಂದು ಕಡೆ ಕೆರೆಯ ಕಾಲುವೆ. ಬೇರೆ ದಾರಿಯೆಂದರೆ ಅಶೋಕನ ತೆಂಗಿನ ತೋಟ. ಅದರ ಒಂದು ಸಾಲು ಮರ ಬಿಟ್ಟುಕೊಟ್ಟರೆ ಲಾರಿ ಸರಾಗವಾಗಿ ಹೋಗುತ್ತಿತ್ತು. ಊರಿಗೆ ಜೀವ ಬೇಕಾದರೂ ಕೊಡುತ್ತೇನೆ, ತೆಂಗಿನ ಮರ ಮಕ್ಕಳ ಸಮಾನ ಎಂದ ಅಧ್ಯಕ್ಷ. ಜೀವ ಕೇಳಿದವರು ಯಾರೂ ಇರಲಿಲ್ಲ. ಕಂಟ್ರಾಕ್ಟರು ಜಲ್ಲಿಯನ್ನು ರಸ್ತೆ ಬದಿಗೆ ಸುರಿದು, ಕಮಾನು ತೆಗೆದ ದಿನ ಕರೆಯಿರಿ ಎಂದು ಹೋದ. ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಜಲ್ಲಿಯನ್ನು ಊರವರು ಬಚ್ಚಲಿಗೆ, ಕೊಟ್ಟಿಗೆಗೆ ಒಂದೊಂದು ಬಾಂಡ್ಲಿ ಹೊತ್ತುಕೊಂಡು ಹೋಗಿ ಮುಗಿಸಿದರು.

ಕಮಾನು ಒಡೆಯಬಹುದೇ ಎಂದು ಸಮಿತಿ ಎಲ್ಲರನ್ನೂ ಕೇಳಿತು. ಹಳೆಯ ನಾಯಕರ ಕಡೆಯವರು, ನಮ್ಮವರ ಹೆಸರಿಗೆ ಸುತ್ತಿಗೆ ತಾಕಿದರೆ ಧರಣಿ ಕೂರುತ್ತೇವೆ ಎಂದರು. ಹೊಸ ನಾಯಕರ ಕಡೆಯವರು, ಹಳಬರ ಹೆಸರು ಮಾತ್ರ ಒಡೆಯುವುದಾದರೆ ಅಭ್ಯಂತರವಿಲ್ಲ ಎಂದರು. ಅಜಿತ್‌ಕುಮಾರ್ ಒಬ್ಬರೇ, ಧಾರಾಳವಾಗಿ ಒಡೆಯಿರಿ, ನಮ್ಮ ತಾಯಿಯ ಹೆಸರನ್ನು ಆಸ್ಪತ್ರೆಯೊಳಗೆ ಒಂದು ಬೆಂಚಿನ ಮೇಲೆ ಬರೆದರೂ ಸಾಕು ಎಂದು ಫೋನಿನಲ್ಲೇ ಹೇಳಿ ಮುಗಿಸಿದರು.

ಕೊನೆಗೆ ಗುರುಸಿದ್ದಮ್ಮನನ್ನು ಕೇಳಿದರು. ಇದನ್ನು ಮುಚ್ಚಿಡುವ ಹಾಗಿಲ್ಲ. ನಾಯಕರನ್ನು, ಮೈದುನನನ್ನು, ಕಂಟ್ರಾಕ್ಟರನ್ನು ದಿನ ಬೆಳಗಾದರೆ ಬೈಯುತ್ತಿದ್ದ ಆ ಹೆಂಗಸು, ಭೂಮಿ ಕೊಟ್ಟವಳು, ಅವಳು ಒಪ್ಪಿದ್ದರೆ ಮಿಕ್ಕವರ ಬಾಯಿ ಕಟ್ಟುತ್ತಿತ್ತು. ಅವಳು ಹೂಂ ಎನ್ನಲಿಲ್ಲ.

"ನಮ್ಮನೆಯೋರ ಎಸ್ರು ಐತೆ ಅದ್ರಾಗೆ. ಮುಟ್ಟಿದ್ರೆ ನೋಡ್ಕಳಿ" ಎಂದಳು.

ಅಜಿತ್‌ಕುಮಾರರ ಮಾತು ಹೇಳಿದ್ದಕ್ಕೆ, ದುಡ್ಡಿದ್ದವರಿಗೆ ತಾಯಿಯ ಹೆಸರೂ ಅಗ್ಗ ಎಂದು ಮೂಗು ಮುರಿದಳು. ಅಶೋಕನಿಗೆ ಒಳಗೊಳಗೆ ಖುಷಿಯಾಯಿತು. ಅವನ ಹೆಸರೂ ಉಳಿಯಿತು, ತೋಟವೂ ಉಳಿಯಿತು, ಅಡ್ಡಿ ಮಾಡಿದ ಕೆಟ್ಟ ಹೆಸರು ಅತ್ತಿಗೆಯ ಪಾಲಿಗೆ ಹೋಯಿತು.

ಆದರೂ ಏನಾದರೂ ಮಾಡಿದಂತೆ ಕಾಣಬೇಕಲ್ಲ. ಸಮಿತಿ ಮತ್ತೆ ಸೇರಿ, ಬೋಂಡ ಕಾಫಿಯ ನಡುವೆ, ಯಾವ ಊರಿನವರಿಗೂ ಹೊಳೆಯದ ಒಂದು ಉಪಾಯ ಕಂಡುಹಿಡಿಯಿತು. ಕಮಾನನ್ನು ಮೇಲೆತ್ತಲು ಆಗುವುದಿಲ್ಲ, ಆದ್ದರಿಂದ ಕಮಾನಿನ ಕೆಳಗಿನ ರಸ್ತೆಯನ್ನು ಕೆಳಗಿಳಿಸುವುದು. ಜೆಸಿಬಿ ಬಂತು. ಕಂಬದಿಂದ ಕಂಬಕ್ಕೆ ಎದೆಮಟ್ಟ ತಗ್ಗು ತೋಡಿತು. ತೋಡಿದ ಮಣ್ಣನ್ನು ಅಶೋಕ ತನ್ನ ತೋಟದ ಬದುವಿಗೆ ಹಾಕಿಸಿಕೊಂಡ. ತಗ್ಗಿಗೆ ಎರಡೂ ಕಡೆ ಇಳಿಜಾರು ಮಾಡಬೇಕೆಂದು ಯಾರಿಗೋ ನೆನಪಾಗುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಕಾಲುವೆಯ ನೀರು ಜಿನುಗಿ ತಗ್ಗು ತುಂಬಿತು. ಕಪ್ಪೆಗಳು ಬಂದವು, ಆಮೇಲೆ ಬಾತುಕೋಳಿಗಳು ಬಂದವು. ಮೊದಲು ಟಿಪ್ಪರ್ ಮಾತ್ರ ಹೋಗುತ್ತಿರಲಿಲ್ಲ, ಈಗ ಸೈಕಲ್ಲೂ ಹೋಗದು. ಗುರುಸಿದ್ದಮ್ಮ ಅದನ್ನು ನೋಡಿ ಡೈರಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಮಿತಿಯವರ ತಲೆಯಲ್ಲಿರುವುದನ್ನು ಕ್ಯಾನಿಗೆ ಸುರಿದರೆ ಕಡ್ಡಿ ತಳಕ್ಕೇ ಮುಟ್ಟುತ್ತದೆ ಎಂದಳು. ಎಲ್ಲರೂ ನಕ್ಕರು. ಮಾದಮ್ಮ ಮಾತ್ರ, ಆ ಕಮಾನು ಇದ್ದರೆ ತಾನೇ ಆ ತಗ್ಗು ಎಂದು ಮೆಲ್ಲಗೆ ಹೇಳಿದಳು. ಗುರುಸಿದ್ದಮ್ಮ ಅವಳ ಹಾಲನ್ನು ಆ ದಿನ ವಾಪಸ್ಸು ಕಳಿಸಿದಳು.

ಕವನಾಗೆ ಏಳು ತಿಂಗಳಾದಾಗ ಗುರುಸಿದ್ದಮ್ಮ ಹಸಿರು ಬಳೆ, ಮಡಿಲಕ್ಕಿ ತೆಗೆದುಕೊಂಡು ಹಾಸನಕ್ಕೆ ಹೋದಳು. ಕಾಮಾಕ್ಷಮ್ಮ ಶಾಸ್ತ್ರವನ್ನೆಲ್ಲ ಚೆನ್ನಾಗಿಯೇ ಮಾಡಿ, ಆಮೇಲೆ ಬೀಗಿತಿಯನ್ನು ಅಡುಗೆಮನೆಗೆ ಕರೆದು, ಮಗು ಹೊಟ್ಟೆಯಲ್ಲಿ ಸರಿಯಾಗಿ ತಿರುಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ, ಹೆರಿಗೆ ಇಲ್ಲೇ ಆಗಲಿ, ಬಾಣಂತನಕ್ಕೆ ಬೇಕಾದರೆ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡರು. ಕೇಳಿಕೊಂಡ ರೀತಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಕೊಂಕು ಇಲ್ಲದಿದ್ದರೂ ಹುಡುಕಿಕೊಳ್ಳುವುದು ಗುರುಸಿದ್ದಮ್ಮನಿಗೆ ಕಷ್ಟವಲ್ಲ. ಎಲೆ ಮುಂದೆ ನಿಂತು ಆಡಿದ ಮಾತು ಅವಳಿಗೆ ನೆನಪಾಯಿತು. ಇವರಿಗೂ ನೆನಪಿರಬೇಕು, ಅದಕ್ಕೇ ಹೀಗೆ ಮೆತ್ತಗೆ ತಿವಿಯುತ್ತಿದ್ದಾರೆ ಎನಿಸಿತು.

"ಚೊಚ್ಚಲು ತವರಿನದು ಬೀಗ್ರೆ. ನಮ್ಮೂರೇನು ಕಾಡಲ್ಲ. ಫೋನ್ ಮಾಡಿದ್ರೆ ಆಂಬುಲೆನ್ಸು ಬಾಗ್ಲಿಗೆ ಬತ್ತದೆ" ಎಂದಳು.

ಕವನಾ ಅತ್ತೆಯ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಅವ್ವನ ಮುಖ ನೋಡಿದ ಮೇಲೆ ಬಟ್ಟೆ ಮಡಚಲು ಎದ್ದಳು. ದಿನ ಹತ್ತಿರ ಬಂದಾಗ ವಾರ ಮುಂಚೆಯೇ ಹಾಸನಕ್ಕೆ ವಾಪಸ್ಸು ಕರೆತರುವುದೆಂದು ಸುದರ್ಶನ್ ಮಾತು ತೆಗೆದುಕೊಂಡ. ಗುರುಸಿದ್ದಮ್ಮ ಹೂಂ ಎಂದಳು.

ಆದರೆ ನೋವು ಡಾಕ್ಟರು ಹೇಳಿದ ದಿನಕ್ಕೆ ಕಾಯಲಿಲ್ಲ. ಆಷಾಢದ ಒಂದು ಬೆಳಿಗ್ಗೆ, ಗುರುಸಿದ್ದಮ್ಮ ಡೈರಿಗೆ ಹೊರಡಲು ಸೆರಗು ಸಿಕ್ಕಿಸುತ್ತಿದ್ದಾಗ, ಕವನಾ ಗೋಡೆ ಹಿಡಿದುಕೊಂಡು ಕುಸಿದಳು. ಊರಿನ ಆಶಾ ಕಾರ್ಯಕರ್ತೆ ಓಡಿಬಂದು ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡಲಾಗಿದೆ, ಇದು ಇಲ್ಲಿ ಆಗುವ ಕೆಲಸವಲ್ಲ, ನೇರ ಹಾಸನಕ್ಕೇ ಹೋಗಬೇಕು ಎಂದಳು. ಆಂಬುಲೆನ್ಸಿಗೆ ಫೋನು ಮಾಡಿದವಳು ಗುರುಸಿದ್ದಮ್ಮನೇ. ಮನೆ ಎಲ್ಲಿ ಎಂದು ಕೇಳಿದಾಗ, ಊರವರೆಲ್ಲ ವಿಳಾಸ ಹೇಳುವ ಹಾಗೆ ಅವಳೂ ಹೇಳಿದಳು, ಆರೋಗ್ಯ ಕೇಂದ್ರದ ಕಮಾನಿನ ಹತ್ತಿರ ಬನ್ನಿ ಎಂದು.

ಆಂಬುಲೆನ್ಸು ತಡಮಾಡದೆ ಬಂತು. ಅದರ ಡ್ರೈವರು ಹೊಸಬ, ಆ ಊರು ನೋಡದವನು. ದೂರದಿಂದಲೇ ಆಳೆತ್ತರದ ಅಕ್ಷರ ಕಂಡಿತು. ಆರೋಗ್ಯ ಕೇಂದ್ರವೆಂದು ಬರೆದಿರುವ ಕಡೆ ಆರೋಗ್ಯ ಕೇಂದ್ರ ಇರುತ್ತದೆಂದು ಅವನು ನಂಬಿದ್ದು ತಪ್ಪೇ? ಕೆಳಗೆ ನಿಂತಿದ್ದ ಕೆಂಪು ನೀರನ್ನು ಮಳೆಯ ಗುಂಡಿಯೆಂದುಕೊಂಡು ನೇರ ನುಗ್ಗಿಸಿದ. ಗಾಡಿಯ ಮೂತಿ ತಗ್ಗಿನೊಳಗೆ ಮುಳುಗಿತು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು. ನೆತ್ತಿಯ ಮೇಲಿನ ದೀಪ ಮಾತ್ರ, ಅನಂತಮ್ಮ, ಅಶೋಕ, ಇಬ್ಬರು ನಾಯಕರ ಹೆಸರಿನ ಮೇಲೆ ಒಂದಾದ ಮೇಲೊಂದು ಬೆಳಕು ಚೆಲ್ಲುತ್ತಿತ್ತು. ಡ್ರೈವರನ್ನೂ ಜೊತೆಯವನನ್ನೂ ಜನ ಎಳೆದು ಹೊರಗೆ ತಂದರು, ಇನ್ನೊಂದು ಗಾಡಿಗೆ ಅವರೇ ಹೇಳಿಕಳಿಸಿದರು. ಅದು ಚನ್ನರಾಯಪಟ್ಟಣದ ಆಚೆಯಿಂದ ಬರಬೇಕಿತ್ತು.

ಮನೆಯ ಬಾಗಿಲಲ್ಲಿ ನಿಂತಿದ್ದ ಗುರುಸಿದ್ದಮ್ಮನಿಗೆ ಈ ಸುದ್ದಿ ತಂದವಳು ಮಾದಮ್ಮ. ಅವಳು ಬರೀ ಸುದ್ದಿ ತರಲಿಲ್ಲ.

"ಆಲಿನ ವ್ಯಾನು ನಿಂತೈತೆ ಕಣಕ್ಕ. ಅದು ಆಸನಕ್ಕೇ ತಾನೆ ಓಗೋದು" ಎಂದಳು.

ಡೈರಿಯ ಮುಂದೆ ಹಾಲಿನ ವ್ಯಾನು ನಿಂತಿತ್ತು. ಸರ್ಕಾರ ಬಂದರೂ ಹೋದರೂ, ಮಳೆ ಹೊಡೆದರೂ, ಯಾವ ನಾಯಕ ಸತ್ತರೂ ಆ ವ್ಯಾನು ತನ್ನ ಹೊತ್ತಿಗೆ ಬಂದು ನಿಲ್ಲುತ್ತದೆ. ಯಾಕೆಂದರೆ ಹಾಲು ಕಾಯುವುದಿಲ್ಲ, ಕೆಟ್ಟುಹೋಗುತ್ತದೆ. ಮನುಷ್ಯರು ಕಾಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ಡ್ರೈವರ್ ಮೋಹನ್‌ಕುಮಾರ್ ಕ್ಯಾನುಗಳನ್ನೆಲ್ಲ ತುಂಬಿ ಹಗ್ಗ ಬಿಗಿಯುತ್ತಿದ್ದ. ಅವನಿಗೆ ವಿಷಯ ಹೇಳಿದಾಗ ಅವನು ಕ್ಯಾನುಗಳ ಕಡೆ ನೋಡಿದ, ಇನ್ನೂ ನಾಲ್ಕು ಊರಿನ ಹಾಲು ತುಂಬಬೇಕೆಂದ. ಹೆಂಗಸರು ಅವನ ಮಾತು ಮುಗಿಯಲು ಬಿಡಲಿಲ್ಲ. ದಿನವೂ ಗುರುಸಿದ್ದಮ್ಮನಿಂದ ಬೈಸಿಕೊಳ್ಳುತ್ತಿದ್ದ ಅವೇ ಹೆಂಗಸರು, ಊರಿನ ಬೆಳಗಿನ ಹಾಲನ್ನೆಲ್ಲ, ಹಿಂದಿನ ಊರುಗಳ ಹಾಲನ್ನೂ ಸೇರಿಸಿ, ಒಂದೊಂದೇ ಕ್ಯಾನು ಇಳಿಸಿ ರಸ್ತೆಯ ಬದಿಗೆ ಇಟ್ಟರು. ಯಾರೋ ಕಂಬಳಿ ತಂದರು, ಯಾರೋ ಹಳೆಯ ಸೀರೆ. ಮೋಹನ್‌ಕುಮಾರ್ ಮೇಲಿನವರಿಗೆ ತಾನೇ ಉತ್ತರ ಹೇಳಿಕೊಳ್ಳುತ್ತೇನೆ ಎಂದು ಗಾಡಿ ಸ್ಟಾರ್ಟ್ ಮಾಡಿದ.

ಹಾಲಿನ ಹುಳಿ ವಾಸನೆಯ ಆ ವ್ಯಾನಿನ ಹಿಂಬದಿಯಲ್ಲಿ ಮಾದಮ್ಮ ಪಕ್ಕದ ತಗಡಿಗೆ ಒರಗಿ ಕೂತು ಕವನಾಳನ್ನು ತನ್ನ ಕಾಲುಗಳ ನಡುವೆ ಹಿಡಿದುಕೊಂಡಳು. ಶಾಂತಿಗ್ರಾಮ ದಾಟುವಾಗ ಕಂಬಳಿ ಒದ್ದೆಯಾಗಿತ್ತು, ಬರೀ ನೀರಿನಿಂದ ಅಲ್ಲ. ಕವನಾ ಚೀರುವುದನ್ನು ಬಿಟ್ಟು ನರಳತೊಡಗಿದ್ದಳು. ಒಮ್ಮೆ ಕಣ್ಣು ತೆರೆದು ಅವ್ವನನ್ನು ನೋಡಿದಳು.

"ಅವ್ವಾ, ಮನೇಲೇ ಇದ್ದಿದ್ರೆ..." ಎಂದಳು. ಅಷ್ಟೇ ಹೇಳಿ ಮತ್ತೆ ಕಣ್ಣು ಮುಚ್ಚಿದಳು.

ಯಾವ ಮನೆ ಎಂದು ಗುರುಸಿದ್ದಮ್ಮ ಕೇಳಲಿಲ್ಲ.

ಹಾಸನದಲ್ಲಿ ಕವನಾಳನ್ನು ನೇರವಾಗಿ ಒಳಗೆ ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಗುರುಸಿದ್ದಮ್ಮ ಕೂತಳು. ಸೀರೆಯ ಅಂಚಿಗೆ ರಕ್ತ ಹತ್ತಿತ್ತು, ಅದನ್ನು ಒಳಕ್ಕೆ ಮಡಚಿಕೊಂಡಳು. ಬೆಂಚಿನ ಬೆನ್ನಿಗೆ ಯಾರದೋ ತಂದೆಯ ನೆನಪಿಗೆ ಕೊಟ್ಟದ್ದೆಂದು ಬರೆದಿತ್ತು. ಕೂರಲು ಆಗುವ ಹೆಸರು. ಅಜಿತ್‌ಕುಮಾರರ ಮಾತು ಅವಳಿಗೆ ನೆನಪಾಯಿತು. ಅವರಿಗೆ ಅವಳು ಮೂಗು ಮುರಿದಿದ್ದಳು.

ಸ್ವಲ್ಪ ಹೊತ್ತಿಗೆ ಕಾಮಾಕ್ಷಮ್ಮ ಬಂದರು. ಕಾಲಿಗೆ ಮನೆಯಲ್ಲಿ ಹಾಕುವ ಚಪ್ಪಲಿ, ಕೈಯಲ್ಲಿ ಒಂದು ಸ್ಟೀಲಿನ ಲೋಟ, ಮೇಲೆ ಬಟ್ಟಲು ಮುಚ್ಚಿದ್ದರು. ಗುರುಸಿದ್ದಮ್ಮ ಮುಖಕ್ಕೆ ಮಂಗಳಾರತಿ ಆಗುತ್ತದೆಂದು ತಲೆ ತಗ್ಗಿಸಿದಳು. ಅದಾದರೂ ಆಗಿದ್ದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯಬಹುದು.

"ಕಾಫಿ ಕುಡೀರಿ ಬೀಗ್ರೆ. ಮನೆಯಿಂದ ನಡ್ಕೊಂಡೇ ಬಂದೆ, ಬಿಸಿ ಹಾಗೇ ಇದೆ" ಎಂದರು ಕಾಮಾಕ್ಷಮ್ಮ.

ಅವರು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಗುರುಸಿದ್ದಮ್ಮ ಲೋಟ ತೆಗೆದುಕೊಂಡಳು. ನಾಲಿಗೆ ಸುಟ್ಟಿತು. ಒಲೆಯ ಮೇಲಿಂದ ಇಳಿಸಿದ ಕಾಫಿ ಆರುವುದರೊಳಗೆ ಮುಟ್ಟುವ ದೂರದಲ್ಲಿದ್ದ ಮಗಳನ್ನು, ಅವಳು ಬಾತುಕೋಳಿಗಳು ಈಜುವ ತಗ್ಗಿನ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂರಿಸಿದ್ದಳು. ಅಶೋಕನಿಗೆ ತೆಂಗಿನ ಮರ, ನಾಯಕರಿಗೆ ಫೋಟೋ, ತನಗೆ ಬಂಗಾರದ ಬಣ್ಣದ ಎರಡು ಸಾಲು. ಅವರನ್ನೆಲ್ಲ ಯಾವ ಕಡ್ಡಿಯಿಂದ ಅಳೆಯುತ್ತಿದ್ದಳೋ ಅದೇ ಕಡ್ಡಿ ಹಿಡಿದರೆ ತಾನೂ ಅದೇ ಕ್ಯಾನಿನವಳು. ನಾಚಿಕೆ ಎಂಬುದು ಹೊಟ್ಟೆಯಲ್ಲಿ ಹೀಗೆ ಬಿಸಿಯಾಗಿ ಇಳಿಯುತ್ತದೆಂದು ಅವಳಿಗೆ ಅವತ್ತು ತಿಳಿಯಿತು. ಕಾಫಿಯನ್ನು ಪೂರ್ತಿ ಕುಡಿದಳು.

ಹೊಟ್ಟೆ ಕುಯ್ದು ಮಗುವನ್ನು ತೆಗೆದರು. ಹೆಣ್ಣು. ಉಸಿರಿಗೆ ಬಹಳ ಕಷ್ಟಪಟ್ಟಿತು, ಹಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಕವನಾಗೆ ಯಾರ್ಯಾರದೋ ರಕ್ತ ಹಾಕಿದರು, ಮಾದಮ್ಮನದೂ ಒಂದು ಬಾಟಲಿ. ಇಬ್ಬರೂ ಉಳಿದರು. ಆದರೆ ಇನ್ನೊಂದು ಮಗುವಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಬಿಟ್ಟ ದಿನ ಬಾಣಂತನಕ್ಕೆ ಯಾವ ಮನೆಗೆ ಎಂದು ಯಾರೂ ಕೇಳಲಿಲ್ಲ. ಕವನಾ ಮಗುವನ್ನು ಎತ್ತಿಕೊಂಡು ಅತ್ತೆಯ ಜೊತೆ ಹಿಂದಿನ ಬೀದಿಗೆ ನಡೆದುಕೊಂಡೇ ಹೋದಳು. ತವರಿಗೆ ಸಿಗುವುದು ಚೊಚ್ಚಲು ಒಂದೇ. ಗುರುಸಿದ್ದಮ್ಮ ಅದನ್ನು ಕಮಾನಿಗೆ ಕೊಟ್ಟುಬಂದಿದ್ದಳು.

ಅವಳು ಊರಿಗೆ ಬಂದವಳು ಸಣ್ಣಯ್ಯನ ಮನೆಗೆ ಹೋಗಿ ಸುತ್ತಿಗೆ, ಉಳಿ ಕೇಳಿದಳು. ಏನಾದರೂ ಕೆಲಸವಿದ್ದರೆ ತಾನೇ ಬರುತ್ತೇನೆ ಎಂದ ಸಣ್ಣಯ್ಯ. ಬೇಡವೆಂದಳು. ಮಧ್ಯಾಹ್ನದ ಬಿಸಿಲಿನಲ್ಲಿ, ಊರವರು ಉಂಡು ಜಗುಲಿಯ ಮೇಲೆ ಕೂತು ನೋಡುತ್ತಿರುವಾಗ, ಕಮಾನಿನ ಬಲಗಡೆಯ ಕಂಬದ ಮುಂದೆ, ತಗ್ಗಿನ ಅಂಚಿನಲ್ಲಿ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಗಂಡನ ಹೆಸರಿಗೆ ಉಳಿ ಇಟ್ಟಳು. ಅವಳ ಏಟು ಮೊದಮೊದಲು ಎಲ್ಲೆಲ್ಲೋ ಬಿತ್ತು. ಆಮೇಲೆ ಸಿಮೆಂಟಿನ ಚಕ್ಕೆಗಳು ಒಂದೊಂದಾಗಿ ಎದ್ದು ನೀರಿಗೆ ಬಿದ್ದವು. 'ಭೂದಾನಿ' ಮೊದಲು ಹೋಯಿತು.

ಅಶೋಕ ಉಟ್ಟ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದ. ಅಣ್ಣನ ಮೇಲೆ ಅವನಿಗೆ ಅಷ್ಟೊಂದು ಪ್ರೀತಿಯಿದ್ದದ್ದು ಊರಿಗೆ ಅವತ್ತೇ ಗೊತ್ತಾದದ್ದು.

"ಅತ್ತಿಗೆ, ಏನು ಮಾಡ್ತಾ ಇದೀರಿ? ಅದು ಅಣ್ಣನ ಎಸ್ರು" ಎಂದ.

ಗುರುಸಿದ್ದಮ್ಮ ಉಳಿಯನ್ನು ತೆಗೆಯದೆ ತಿರುಗಿದಳು.

"ನಿಮ್ಮಣ್ಣ ಬದುಕಿದ್ದಾಗ ಯಾರ ದಾರಿಗೂ ಅಡ್ಡ ನಿಂತೋನಲ್ಲ ಕಣಪ್ಪ. ಸತ್ ಮೇಲೆ ನಾನೇ ತಂದು ನಿಲ್ಲುಸ್ದೆ. ಇಳ್ಸಿ ಮನೆಗೆ ಕರ್ಕೊಂಡು ಓಯ್ತೀನಿ."

ಅಶೋಕ ಜಗುಲಿಗಳ ಕಡೆ ನೋಡಿ, ಎತ್ತಿಕಟ್ಟಿದ ಪಂಚೆಯನ್ನು ಇಳಿಬಿಟ್ಟ. ಕೊನೆಯ ಅಕ್ಷರ ಬೀಳುವವರೆಗೆ ಅವಳು ನಿಲ್ಲಲಿಲ್ಲ. ಆಮೇಲೆ ಅವನ ಹೆಸರಿನ ಕಡೆ ಕತ್ತೆತ್ತಿ ನೋಡಿದಳು. ಅದು ಕೈಗೆ ಎಟುಕುತ್ತಿರಲಿಲ್ಲ. ಈಗ ಅಡ್ಡ ನಿಂತಿರುವವರು ಯಾರೆಂದು ಊರಿಗೆ ಕಾಣುತ್ತದೆ ಎಂದಷ್ಟೇ ಹೇಳಿ ಮನೆಗೆ ಹೋದಳು.

ಇಷ್ಟಾದ ಮೇಲೆ ಕಮಾನು ಬಿದ್ದಿರಬೇಕು, ಆಸ್ಪತ್ರೆ ಎದ್ದಿರಬೇಕು ಎಂದುಕೊಂಡರೆ ನಿಮಗೆ ಹೊನ್ನೇಕೊಪ್ಪಲು ಗೊತ್ತಿಲ್ಲ. ಮುಂದಿನ ವಾರ ಸಮಿತಿ ತುರ್ತಾಗಿ ಸೇರಿತು. ಬಲಗಡೆಯ ಕಂಬದಲ್ಲಿ ಜಾಗ ಖಾಲಿಯಾಗಿದೆ, ನೋಡಲು ಅಸಹ್ಯವಾಗಿದೆ, ಅಲ್ಲಿ ಯಾರ ಹೆಸರು ಬರೆಸಬೇಕು ಎಂಬುದೊಂದೇ ವಿಷಯ. ಹಳಬರ ಕಡೆಯವರು ಒಂದು ಹೆಸರು ಹೇಳಿದರು, ಹೊಸಬರ ಕಡೆಯವರು ಒಂದು. ಬೋಂಡ ಮುಗಿದರೂ ತೀರ್ಮಾನವಾಗಲಿಲ್ಲ. ತಗ್ಗಿನ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಈ ಸುದ್ದಿ ಹೇಳಿದವಳು ಅಶೋಕನ ಹೆಂಡತಿ. ಗುರುಸಿದ್ದಮ್ಮ ಅವಳ ಹಾಲಿಗೆ ಕಡ್ಡಿ ಬಿಟ್ಟು, ಅದು ನಿಲ್ಲುವವರೆಗೂ ನೋಡಿದಳು.

"ಯಾರ ಎಸ್ರಾದ್ರೂ ಬರ್ಸಿಕೊಳ್ಳಿ. ಸುತ್ಗೆ ನಮ್ಮನೇಲೇ ಐತೆ, ಇನ್ನೂ ವಾಪಸ್ ಕೊಟ್ಟಿಲ್ಲ. ಬಣ್ಣ ಒಣಗಿದ ದಿವ್ಸ ಒಂದ್ ಮಾತು ಯೋಳಿ ಕಳ್ಸು" ಎಂದಳು.

ಆ ಜಾಗ ಇವತ್ತಿಗೂ ಖಾಲಿ ಇದೆ. ಆ ಬೆಳಿಗ್ಗೆ ಸಾಲಿನಲ್ಲಿ ಅಶೋಕನ ಹೆಂಡತಿಯ ಹಿಂದೆ ನಿಂತಿದ್ದವಳು ಮಾದಮ್ಮ. ಅವಳ ಹಾಲಿಗೆ ಅವತ್ತೂ ನೀರು ಬಿದ್ದಿತ್ತು. ಗುರುಸಿದ್ದಮ್ಮ ಕಡ್ಡಿ ನೋಡಿದಳು, ಮಾದಮ್ಮನ ಮುಖ ನೋಡಿದಳು, ಆ ದಿನ ಏನೂ ಅನ್ನದೆ ಕ್ಯಾನಿಗೆ ಸುರಿದುಕೊಂಡಳು.